ವಿಳಾಸ ಸಿಗದಿದ್ದರೆ ಸರ್ವರ್ ಇದ್ದೂ ಇಲ್ಲದಂತೆ

ನಮ್ಮ ಭಾಗದ ಅನೇಕ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಇಂದು ಬಿಲ್, ದಾಸ್ತಾನು ಮತ್ತು ಉದ್ರಿ ಲೆಕ್ಕವನ್ನು ಗಣಕಯಂತ್ರದಲ್ಲಿಯೇ ಇಡುತ್ತಿದ್ದಾರೆ. ಒಂದು ಸರ್ವರ್ ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸಲೆಂದು ಎರಡು ಮೂರು ಸರ್ವರುಗಳನ್ನು ಜೋಡಿಸುವುದೂ ಉಂಟು. ಇಂತಹ ಜೋಡಣೆಗೆ ‘ಕ್ಲಸ್ಟರ್’ ಎನ್ನುತ್ತಾರೆ. ಆದರೆ ಯಂತ್ರಗಳು ಎರಡಾಗಿದ್ದು, ಅವುಗಳನ್ನು ತಲುಪುವ ದಾರಿ ಒಂದೇ ಆಗಿದ್ದರೆ ಮಾಡಿದ ವೆಚ್ಚ ಸಾರ್ಥಕವಾಗದು.

ಗಣಕಯಂತ್ರಗಳು ಒಂದನ್ನೊಂದು ಹುಡುಕುವುದು ಅಂಕಿಗಳ ವಿಳಾಸದಿಂದ. ನಾವು ಬಳಸುವ ಹೆಸರಿಗೆ ತಕ್ಕ ಅಂಕಿಯನ್ನು ತಿಳಿಸುವ ವ್ಯವಸ್ಥೆಯೇ ಡಿಎನ್ಎಸ್. ಇದು 1983ರಲ್ಲಿ ರೂಪುಗೊಂಡಿತು. ಲಾರಿ ಚಾಲಕನಿಗೆ ಅಂಗಡಿಯ ಹೆಸರು ಗೊತ್ತಿದ್ದು, ದಾರಿ ತೋರಿಸುವವರೇ ಇಲ್ಲದಿದ್ದರೆ ಗೋದಾಮು ತೆರೆದಿದ್ದರೂ ಮಾಲು ಇಳಿಯದು. ಇಲ್ಲಿಯೂ ಹಾಗೆಯೇ.

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯ ಡಿಎನ್ಎಸ್ ಸರ್ವರುಗಳು ಹೊರಜಗತ್ತಿಗೆ ಕಾಣದಾಗಿ, ವಾಟ್ಸ್ಆ್ಯಪ್ ಸುಮಾರು 6 ಗಂಟೆ ಸ್ಥಗಿತಗೊಂಡಿತು. 2025ರ ಅಕ್ಟೋಬರ್ 20, ನರಕ ಚತುರ್ದಶಿಯ ಮಧ್ಯಾಹ್ನ, ಅಮೆಜಾನ್ ಸಂಸ್ಥೆಯ ವರ್ಜೀನಿಯಾ ಕೇಂದ್ರದ ದತ್ತಾಂಶ ಸೇವೆಯೊಂದರ ಡಿಎನ್ಎಸ್ ನಮೂದು ಖಾಲಿಯಾಯಿತು. ಅದನ್ನು ನೆಚ್ಚಿದ್ದ ಅಸಂಖ್ಯ ಸೇವೆಗಳು ಹಲವು ದೇಶಗಳಲ್ಲಿ ನಿಂತುಹೋದವು.

ಗದಗದಲ್ಲಿ ಮುಖ್ಯ ಕಚೇರಿಯಿದ್ದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಶಾಖೆಗಳಿರುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಅದು ಕೈಗೊಳ್ಳಬಹುದಾದ ಕ್ರಮಗಳು ಹೀಗಿವೆ:

1. ಪ್ರತಿ ಸರ್ವರಿಗೂ, ಪ್ರತಿ ಶಾಖೆಗೂ ಬೇರೆ ಬೇರೆ ಸಂಸ್ಥೆಗಳ ಎರಡು ಡಿಎನ್ಎಸ್ ಸೇವೆಗಳನ್ನು ನಮೂದಿಸಬೇಕು. ಲಿನಕ್ಸ್ ಸರ್ವರುಗಳು ಸಾಮಾನ್ಯವಾಗಿ ಮೊದಲನೆಯದರ ಉತ್ತರಕ್ಕಾಗಿ 5 ಸೆಕೆಂಡು ಕಾದು ನಂತರ ಎರಡನೆಯದನ್ನು ಕೇಳುತ್ತವೆ. ಪ್ರತಿ ಬಿಲ್ಲಿಗೂ ಹೀಗೆ ತಡವಾದರೆ ಸರ್ವರೇ ಕೆಟ್ಟಿದೆಯೆಂದು ಸಿಬ್ಬಂದಿ ಭಾವಿಸುತ್ತಾರೆ. ಈ ಅವಧಿಯನ್ನು 1 ಸೆಕೆಂಡಿಗೆ ಇಳಿಸಬಹುದು.

2. ಕ್ಲಸ್ಟರಿನ ಸರ್ವರುಗಳ ಪರಸ್ಪರ ವಿಳಾಸಗಳನ್ನು ಅವುಗಳಲ್ಲಿಯೇ ಇರುವ ‘ಹೋಸ್ಟ್ಸ್’ ಕಡತದಲ್ಲಿ ಬರೆದಿಡಬೇಕು. ಆಗ ಡಿಎನ್ಎಸ್ ನಿಂತರೂ ಅವುಗಳ ನಡುವಣ ಸಂಪರ್ಕ ತಪ್ಪದು. ಹೊರಗಿನ ಸೇವೆಗಳ ವಿಳಾಸ ಬದಲಾಗುತ್ತಿರುವುದರಿಂದ ಅವುಗಳನ್ನು ಹೀಗೆ ಬರೆಯಬಾರದು.

3. ಕಚೇರಿಯಲ್ಲಿಯೇ ‘ಅನ್‌ಬೌಂಡ್’ನಂತಹ ಉಚಿತ ತಂತ್ರಾಂಶವನ್ನು ಅಳವಡಿಸಬಹುದು. ಹೊಸ ಉತ್ತರ ಸಿಗದಿದ್ದಾಗ ಹಿಂದಿನ ಉತ್ತರವನ್ನೇ ಕೆಲಕಾಲ ನೀಡುವಂತೆ ಅದನ್ನು ಹೊಂದಿಸಲು ಸಾಧ್ಯವಿದೆ.

4. ಸಂಸ್ಥೆಯ ಸ್ವಂತ ಡೊಮೇನ್ ಹೆಸರಿನ ನವೀಕರಣದ ದಿನಾಂಕವನ್ನು ತೆರಿಗೆಯ ದಿನಾಂಕಗಳೊಂದಿಗೇ ಬರೆದಿಡಬೇಕು. ನೆನಪೋಲೆ ಬರುವ ಇ-ಮೇಲ್ ಅದೇ ಡೊಮೇನಿನದಾಗಿರಬಾರದು. ಹೆಸರಿನ ಅವಧಿ ಮುಗಿದರೆ ಆ ಇ-ಮೇಲೂ ನಿಲ್ಲುತ್ತದೆ.

5. ಮಾರುಕಟ್ಟೆಗೆ ರಜೆಯಿರುವ ದಿನ ಡಿಎನ್ಎಸ್ ಸೇವೆಯನ್ನು 10 ನಿಮಿಷ ತಡೆದು, ಶಾಖೆಗಳಲ್ಲಿ ಬಿಲ್ ಆಗುತ್ತದೆಯೇ ಎಂದು ಪರೀಕ್ಷಿಸಬೇಕು.

ಇ-ವೇ ಬಿಲ್ ಸೌಲಭ್ಯಕ್ಕೆ 2025ರ ಜುಲೈ 1ರಿಂದ ಎರಡನೆಯ ಪೋರ್ಟಲ್ ಬಂದಿದೆ. ಒಂದು ಕೈಕೊಟ್ಟರೆ ಇನ್ನೊಂದು ಒದಗಲಿ ಎಂಬುದೇ ಇದರ ಉದ್ದೇಶ. ಆದರೆ ನಮ್ಮ ಕಚೇರಿಯ ಡಿಎನ್ಎಸ್ ನಿಂತರೆ ಎರಡೂ ತೆರೆಯವು. ಮಾಲು ತುಂಬಿದ ಲಾರಿ ಅಂಗಳದಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಸದಸ್ಯ ಬಾಂಧವರು ಹೊಸ ಸರ್ವರ್ ಕೊಳ್ಳುವ ಮುನ್ನ, ಇರುವ ಸರ್ವರುಗಳನ್ನು ತಲುಪಲು ದಾರಿಗಳೆಷ್ಟಿವೆ ಎಂದು ತಮ್ಮ ತಂತ್ರಜ್ಞರನ್ನು ಕೇಳುವುದು ಲೇಸು.