ಹತ್ತರಲ್ಲಿ ಎಷ್ಟು ನೋವು?

‘ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ಊಹಿಸಲೂ ಆಗದಷ್ಟು ನೋವು. ನಿಮ್ಮದು ಎಷ್ಟು?’ ಮೂರು ತಿಂಗಳು ದಾಟಿದರೂ ಬಿಡದ ನೋವು ಹೊತ್ತು ಬಂದವರನ್ನು ವೈದ್ಯರು ಕೇಳುವ ಪ್ರಶ್ನೆ ಇದು. ರಕ್ತದೊತ್ತಡ ಅಳೆಯಲು ಯಂತ್ರವಿದೆ, ನೋವಿಗಿಲ್ಲ. ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿರುವುದು ಕಂಡವರು ಆರಾಮಾಗಿ ಓಡಾಡಿಕೊಂಡಿರಬಹುದು. ಏನೂ ಕಾಣದವರು ರಾತ್ರಿಯಿಡೀ ನರಳಬಹುದು. ಹಾಗಾಗಿ ರೋಗಿಯ ಮಾತೇ ಅಳತೆಗೋಲು.

ಚಿಕಿತ್ಸೆ ಫಲಿಸಿತೆಂದು ಹೇಳಲು ಆ ಅಂಕಿ ಎಷ್ಟು ಇಳಿಯಬೇಕು? ಅಮೆರಿಕದ ಜಾನ್ ಫರಾರ್ ಮತ್ತು ಸಂಗಡಿಗರು 2001ರಲ್ಲಿ ಪ್ರಿಗ್ಯಾಬಲಿನ್ ಎಂಬ ನೋವಿನ ಔಷಧದ ಹತ್ತು ಪ್ರಯೋಗಗಳ 2,724 ರೋಗಿಗಳ ಉತ್ತರಗಳನ್ನು ತಾಳೆ ನೋಡಿದರು. ಎರಡು ಅಂಕ, ಅಂದರೆ ಮೊದಲಿದ್ದುದರ ಸುಮಾರು ಶೇ 30ರಷ್ಟು ಇಳಿದವರು ‘ಸಾಕಷ್ಟು ವಾಸಿ’ ಎನ್ನುತ್ತಿದ್ದರು. ಆ ಗೆರೆ ಇಂದಿಗೂ ಬಳಕೆಯಲ್ಲಿದೆ.

ಆದರೆ ಸರಾಸರಿಯನ್ನು ನಂಬಿ ಕೂರುವಂತಿಲ್ಲ. ಹತ್ತು ಜನರಲ್ಲಿ ನಾಲ್ವರಿಗೆ ಆರು ಅಂಕ ಇಳಿದು, ಉಳಿದವರಿಗೆ ಏನೂ ಆಗದಿದ್ದರೆ ಸರಾಸರಿ ಇಳಿಕೆ 2.4. ಅಷ್ಟೇ ಇಳಿದವರು ಮಾತ್ರ ಒಬ್ಬರೂ ಇಲ್ಲ! ನೋವಿನ ಔಷಧಗಳು ಬಹುಪಾಲು ಹೀಗೆಯೇ ಎಂದು ಆಕ್ಸ್‌ಫರ್ಡ್‌ನ ಆಂಡ್ರ್ಯೂ ಮೂರ್ 2013ರಲ್ಲಿ ವಾದಿಸಿದರು: ಕೆಲವರಿಗೆ ಚೆನ್ನಾಗಿ ನಾಟುತ್ತವೆ, ಅನೇಕರಿಗೆ ನಾಟುವುದೇ ಇಲ್ಲ.

ಹಾಗಾದರೆ ಎದುರಿಗಿರುವ ಈ ಒಬ್ಬ ರೋಗಿಗೆ ಔಷಧ ನಾಟುತ್ತದೆಯೇ ಎಂದು ತಿಳಿಯುವುದು ಹೇಗೆ? ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಾರ್ಡನ್ ಗಯಾಟ್ 1986ರಲ್ಲಿ ಇದಕ್ಕೊಂದು ದಾರಿ ತೋರಿಸಿದರು: ಒಬ್ಬರೇ ರೋಗಿಯ ಮೇಲಿನ ಪ್ರಯೋಗ. ಔಷಧಾಲಯದವರು ಅಸಲಿ ಮಾತ್ರೆಯನ್ನೂ ಅದರಂತೆಯೇ ಕಾಣುವ ಔಷಧವಿಲ್ಲದ ಮಾತ್ರೆಯನ್ನೂ ಬೇರೆ ಬೇರೆ ಪೊಟ್ಟಣ ಮಾಡುತ್ತಾರೆ. ಕೆಲವು ವಾರ ಇದು, ಕೆಲವು ವಾರ ಅದು. ಯಾವುದು ಯಾವುದೆಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ರೋಗಿ ತನ್ನ ಕಷ್ಟಸುಖವನ್ನು ಡೈರಿಯಲ್ಲಿ ಬರೆದಿಡುತ್ತಾರೆ. ಕೊನೆಗೆ ಗುಟ್ಟು ಬಿಚ್ಚಿ ನೋಡುತ್ತಾರೆ. ಗಯಾಟ್ ವರದಿ ಮಾಡಿದ ಮೊದಲ ರೋಗಿ ಆಸ್ತಮಾದವರು. ಉಪಕಾರಿಯೆಂದು ನಂಬಿ ನುಂಗುತ್ತಿದ್ದ ಥಿಯೋಫಿಲಿನ್ ಅವರ ಉಸಿರಾಟವನ್ನು ಇನ್ನಷ್ಟು ಕೆಡಿಸುತ್ತಿತ್ತು. ಮುಂದೆ ಇದೇ ಕ್ರಮವನ್ನು ಮೈಕೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾಕ್ಕೆ ಕೊಡುವ ಅಮಿಟ್ರಿಪ್ಟಿಲಿನ್‌ಗೂ ಬಳಸಿದರು. ಇಷ್ಟು ಶ್ರದ್ಧೆ ಪ್ರತಿ ನೋವಿನ ರೋಗಿಗೂ ಸಲ್ಲಬೇಕು. ಆದರೆ ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ ಅದಕ್ಕೆ ಸಮಯವೆಲ್ಲಿ?

ಮೂರು ಪ್ರಶ್ನೆಗಳಿಗಂತೂ ಸಮಯವಿದೆ. ಕಳೆದ ವಾರ ನೋವು ಸರಾಸರಿ ಎಷ್ಟಿತ್ತು, ಬದುಕಿನ ಖುಷಿಗೆ ಎಷ್ಟು ಅಡ್ಡಿಯಾಯಿತು, ದಿನದ ಕೆಲಸಕ್ಕೆ ಎಷ್ಟು? ‘ಪೆಗ್’ ಎಂಬ ಈ ಮಾಪನವನ್ನು ಎರಿನ್ ಕ್ರೆಬ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು. ಹೊಸ ಮಾತ್ರೆ ಶುರುಮಾಡುವ ಮೊದಲೇ ಮೂರಕ್ಕೂ ಹತ್ತರಲ್ಲಿ ಅಂಕ ಕೊಟ್ಟು ಬರೆದಿಡಿ. ಒಂದು ತಿಂಗಳಾದ ಮೇಲೆ ಮತ್ತೆ ಬರೆದು ಎರಡನ್ನೂ ವೈದ್ಯರಿಗೆ ತೋರಿಸಿ. ಅಂಕ ಇಳಿದಿರದಿದ್ದರೆ ಮುಂದೇನೆಂದು ಅವರನ್ನೇ ಕೇಳಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ.