ಕಾರಿನ ಸ್ಟ್ರಟ್ ಬಾರ್: ಆಯ್ಕೆ ಮತ್ತು ಜೋಡಣೆಯ ವಿಜ್ಞಾನ

ಕಾರಿನ ಬಾನೆಟ್ ಎತ್ತಿದರೆ ಎಂಜಿನ್ನಿನ ಎಡಬಲಗಳಲ್ಲಿ ಎರಡು ಉಬ್ಬುಗಳು ಕಾಣಿಸುತ್ತವೆ. ಬಹುತೇಕ ಕಾರುಗಳಲ್ಲಿ ಪ್ರತಿ ಉಬ್ಬಿನ ಮೇಲೂ ಎರಡೋ ಮೂರೋ ನಟ್‌ಗಳಿರುತ್ತವೆ. ಮುಂಚಕ್ರಗಳ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿ ಕಾರಿನ ಒಡಲನ್ನು ಸೇರುವ ಈ ಉಬ್ಬುಗಳಿಗೆ ಸ್ಟ್ರಟ್ ಟವರ್ ಎಂದೂ, ಅವೆರಡನ್ನು ಅಡ್ಡಲಾಗಿ ಬೆಸೆಯುವ ಲೋಹದ ಸರಳಿಗೆ ಸ್ಟ್ರಟ್ ಬಾರ್ ಅಥವಾ ಸ್ಟ್ರಟ್ ಬ್ರೇಸ್ ಎಂದೂ ಹೆಸರು. ಎರಡು ಟವರ್‌ಗಳ ನಡುವಿನ ಅಂತರವು ಬದಲಾಗದಂತೆ ಹಿಡಿದಿಡುವುದೇ ಈ ಸರಳಿನ ಕೆಲಸವಾದುದರಿಂದ, ಅದರ ಬಣ್ಣ, ಹೊಳಪು, ಬೆಲೆಗಳಿಗಿಂತ ಅದು ಆ ಅಂತರವನ್ನು ಎಷ್ಟು ಬಿಗಿಯಾಗಿ ಕಾಯುತ್ತದೆ ಎಂಬುದರ ಮೇಲೆಯೇ ಅದನ್ನು ಅಳೆಯಬೇಕಾಗುತ್ತದೆ.

ಈ ಸರಳಿನ ಅಗತ್ಯವು ಹುಟ್ಟಿದ್ದು ಕಾರಿನ ರಚನೆಯಲ್ಲಾದ ಎರಡು ಬದಲಾವಣೆಗಳಿಂದ. ಮೊದಲನೆಯದು, ಗಟ್ಟಿ ಚಾಸಿಯ ಮೇಲೆ ಒಡಲನ್ನು ಕೂರಿಸುವ ಹಳೆಯ ಕ್ರಮದ ಬದಲು ತಗಡಿನ ಒಡಲೇ ಭಾರವನ್ನೆಲ್ಲ ಹೊರುವ ಮಾನೊಕಾಕ್ ಕ್ರಮ ಬಂದದ್ದು. 1922ರಲ್ಲಿ ಹೊರಬಂದ ಇಟಲಿಯ ಲಾನ್ಸಿಯಾ ಲಾಂಬ್ಡಾ ಈ ಹಾದಿಯ ಮೊದಲ ಕಾರುಗಳಲ್ಲಿ ಒಂದು. ಎರಡನೆಯದು, ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಸಸ್ಪೆನ್ಷನ್. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ನಿಲುಗಂಬವಾಗಿ ಸೇರಿರುವ ಈ ಏರ್ಪಾಟಿನಲ್ಲಿ ಚಕ್ರವನ್ನು ಕೆಳಗೆ ಒಂದು ತೋಳೂ ಮೇಲೆ ಆ ಕಂಬವೂ ಹಿಡಿದಿರುತ್ತವೆ. ಅಗ್ಗವೂ ಕಡಿಮೆ ಜಾಗದ್ದೂ ಆದ ಈ ವಿನ್ಯಾಸವು ಫೋರ್ಡ್ ಕಂಪನಿಯ ಯುರೋಪಿನ ಕಾರುಗಳ ಮೂಲಕ ಬಳಕೆಗೆ ಬಂದು, 1983ರಲ್ಲಿ ಭಾರತದ ರಸ್ತೆಗಿಳಿದ ಮಾರುತಿ 800ರ ಮುಂಭಾಗದಲ್ಲೂ ನೆಲೆಸಿತು. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇದನ್ನೇ ಅವಲಂಬಿಸಿವೆ.

ಮ್ಯಾಕ್‌ಫರ್ಸನ್ ಕಂಬದ ಮೇಲ್ತುದಿಯು ಲಂಬ ಭಾರವನ್ನಷ್ಟೇ ಅಲ್ಲದೆ ಅಡ್ಡ ಬಲವನ್ನೂ ಹೊರುತ್ತದೆ. ಕಾರು ತಿರುವಿನಲ್ಲಿ ಸಾಗುವಾಗ ರಸ್ತೆಯು ಟೈರನ್ನು ತಿರುವಿನ ಒಳಬದಿಗೆ ತಳ್ಳುತ್ತದೆ. ಕೆಳತೋಳು ತಿರುಗಣೆಯಾಗಿ ವರ್ತಿಸುವುದರಿಂದ ಕಂಬದ ಮೇಲ್ತುದಿಯು ಟವರನ್ನು ಅದಕ್ಕೆ ವಿರುದ್ಧ ದಿಕ್ಕಿಗೆ ನೂಕುತ್ತದೆ. ಕೆಳತೋಳಿನ ಕೀಲು ನೆಲದಿಂದ 20 ಸೆಂ.ಮೀ. ಎತ್ತರದಲ್ಲಿಯೂ ಕಂಬದ ತುದಿಯು 80 ಸೆಂ.ಮೀ. ಎತ್ತರದಲ್ಲಿಯೂ ಇದೆಯೆಂದು ಭಾವಿಸಿದರೆ, ಸನ್ನೆಯ ನಿಯಮದಂತೆ, ಟೈರಿನ ಮೇಲಿನ ಅಡ್ಡ ಬಲದ ಸುಮಾರು ಮೂರನೆಯ ಒಂದು ಭಾಗವು ಟವರಿಗೆ ತಲುಪುತ್ತದೆ. ತಿರುವಿನ ಹೊರಬದಿಯ ಚಕ್ರದ ಮೇಲೆ ಭಾರ ಹೆಚ್ಚಾಗುವುದರಿಂದ ಎರಡು ಟವರ್‌ಗಳಿಗೆ ಬೀಳುವ ಬಲಗಳು ಅಸಮವಾಗಿ, ಅವುಗಳ ನಡುವಿನ ಅಂತರ ಕಿಂಚಿತ್ತು ಬದಲಾಗುತ್ತದೆ. ಅದರೊಂದಿಗೆ ಚಕ್ರದ ಓರೆಯೂ, ಅಂದರೆ ಕ್ಯಾಂಬರ್ ಕೂಡ, ಬದಲಾಗುತ್ತದೆ. ಸ್ಟ್ರಟ್ ಬಾರ್ ಹೆಚ್ಚು ಬಲ ಬಿದ್ದ ಟವರಿನ ಹೊರೆಯಲ್ಲಿ ಒಂದು ಪಾಲನ್ನು ಎದುರಿನ ಟವರಿಗೆ ದಾಟಿಸಿ ಈ ಬದಲಾವಣೆಯನ್ನು ತಗ್ಗಿಸುತ್ತದೆ.

ಆದರೆ ಎರಡೂ ಟವರ್‌ಗಳು ಒಂದೇ ದಿಕ್ಕಿಗೆ ಸಮನಾಗಿ ವಾಲಿದಾಗ ಅಂತರದಲ್ಲಿ ವ್ಯತ್ಯಾಸವಾಗದು. ಆಗ ಈ ಅಡ್ಡ ಸರಳು ತಾನೂ ಅವುಗಳೊಡನೆ ಸರಿಯುತ್ತದೆಯೇ ಹೊರತು ತಡೆಯಲಾರದು. ಈ ಕೊರತೆಯನ್ನು ನೀಗಲು ಎಂಜಿನ್ ಕೋಣೆಯನ್ನು ಪ್ರಯಾಣಿಕರ ಕೋಣೆಯಿಂದ ಬೇರ್ಪಡಿಸುವ ಗೋಡೆಗೂ ಸರಳನ್ನು ಬಿಗಿದು ತ್ರಿಕೋನ ರಚಿಸುವ ಮಾದರಿಗಳಿವೆ. 1960ರ ದಶಕದ ಫೋರ್ಡ್ ಮಸ್ಟಾಂಗ್ ಕಾರುಗಳಲ್ಲಿ, ಹೊರದೇಶಗಳ ಒರಟು ರಸ್ತೆಗಳಿಗಾಗಿ ಕಳುಹಿಸಿದವಕ್ಕೆ, ಎರಡೂ ಟವರ್‌ಗಳನ್ನು ಆ ಗೋಡೆಗೆ ಕಟ್ಟುವ ಒಂದೇ ತುಂಡಿನ ಎಕ್ಸ್‌ಪೋರ್ಟ್ ಬ್ರೇಸ್ ಅಳವಡಿಸಲಾಗುತ್ತಿತ್ತು. ಮೇಲೆ ಕೆಳಗೆ ಎರಡು ತೋಳುಗಳಿರುವ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ನಿನಲ್ಲಿ ಮಾತ್ರ, ಶಾಕ್ ಅಬ್ಸಾರ್ಬರಿನ ಮೇಲ್ತುದಿಗೆ ಅಡ್ಡ ಬಲವು ಅಷ್ಟಾಗಿ ತಲುಪದಿರುವುದರಿಂದ, ಇಂಥ ಸರಳಿನಿಂದ ಸಿಗುವ ಲಾಭ ಸಾಮಾನ್ಯವಾಗಿ ಕಡಿಮೆ.

ಆಯ್ಕೆಯ ವಿಷಯದಲ್ಲಿ ಮೊದಲು ಏಳುವ ಪ್ರಶ್ನೆ ಉಕ್ಕೋ ಅಲ್ಯೂಮಿನಿಯಮ್ಮೋ ಎಂಬುದು. ಲೋಹವು ಎಳೆತ ಮತ್ತು ಒತ್ತಡಗಳಿಗೆ ಎಷ್ಟು ಮಣಿಯದೆ ನಿಲ್ಲುತ್ತದೆ ಎಂಬುದರ ಅಳತೆಗೆ ಯಂಗ್‌ನ ಗುಣಾಂಕ ಎಂದು ಹೆಸರು. ಅದು ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಮ್ಮಿಗೆ ಸುಮಾರು 70. ತೂಕದಲ್ಲಿಯೂ ಅಲ್ಯೂಮಿನಿಯಮ್ ಉಕ್ಕಿನ ಮೂರನೆಯ ಒಂದು ಪಾಲಿನಷ್ಟೇ ಇರುವುದರಿಂದ, ಸಮ ತೂಕದ ಎರಡು ನೇರ ಸರಳುಗಳು ನೇರ ಒತ್ತಡಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ನಿಲ್ಲುತ್ತವೆ. ಸಮ ಗಾತ್ರದವಾದರೆ ಉಕ್ಕಿನದು ಸುಮಾರು ಮೂರು ಪಟ್ಟು ಬಿಗಿ. ಹೀಗಾಗಿ ಲೋಹದ ಆಯ್ಕೆಗಿಂತ ಆಕಾರದ ಆಯ್ಕೆಯೇ ಮುಖ್ಯವಾಗುತ್ತದೆ.

ಆಕಾರದ ಮಹತ್ವವನ್ನು ಒಂದು ಲೆಕ್ಕ ಸ್ಪಷ್ಟಪಡಿಸುತ್ತದೆ. 30 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ ಗೋಡೆ, 1 ಮೀಟರ್ ಉದ್ದವುಳ್ಳ ನೇರ ಉಕ್ಕಿನ ಕೊಳವೆಯ ತುದಿಗಳನ್ನು 1,000 ನ್ಯೂಟನ್ ಬಲದಿಂದ, ಅಂದರೆ ಸುಮಾರು 100 ಕಿಲೋ ತೂಕಕ್ಕೆ ಸಮನಾದ ಬಲದಿಂದ, ಒತ್ತಿದರೆ ಅದು ಕುಗ್ಗುವುದು ಸುಮಾರು 0.03 ಮಿ.ಮೀ. ಮಾತ್ರ. ಅದೇ ಕೊಳವೆಯು ಎಂಜಿನ್ನನ್ನು ತಪ್ಪಿಸಲು ಟವರ್‌ಗಳ ಜೋಡಣೆಯ ರೇಖೆಗಿಂತ ಉದ್ದಕ್ಕೂ 50 ಮಿ.ಮೀ. ಮೇಲೆ ಹಾದುಹೋಗಿ, ತುದಿಗಳಲ್ಲಿ ಕೀಲುಗಳಿಂದ ಕೂಡಿದ್ದರೆ, ಒತ್ತಡವು ಬಾಗುವಿಕೆಯಾಗಿ ಮಾರ್ಪಟ್ಟು ತುದಿಗಳು ಸುಮಾರು 0.75 ಮಿ.ಮೀ.ನಷ್ಟು ಹತ್ತಿರ ಸರಿಯುತ್ತವೆ; ಬಿಗಿತ ಇಪ್ಪತ್ತೈದು ಪಟ್ಟಿಗೂ ಮಿಕ್ಕಿ ಇಳಿಯುತ್ತದೆ. ಕೀಲಿನ ಪಿನ್ನಿನಲ್ಲಿ ಅರ್ಧ ಮಿ.ಮೀ. ಸಡಿಲವಿದ್ದರಂತೂ ಅಷ್ಟು ಚಲನೆಯವರೆಗೆ ಸರಳು ಕೆಲಸವನ್ನೇ ಆರಂಭಿಸುವುದಿಲ್ಲ. ಆದ್ದರಿಂದ ಸಾಧ್ಯವಾದಷ್ಟು ನೇರವಾದ, ತುದಿಯ ತಟ್ಟೆಗಳಿಗೆ ಬೆಸುಗೆ ಹಾಕಿದ, ತಟ್ಟೆ ದಪ್ಪವಾಗಿರುವ ಮಾದರಿಯನ್ನು ಆರಿಸುವುದು ಯುಕ್ತ. ಬಾಗು ಅನಿವಾರ್ಯವಾದಲ್ಲಿ ಕೀಲುಗಳಿಲ್ಲದ, ದೊಡ್ಡ ವ್ಯಾಸದ ಕೊಳವೆಯನ್ನು ಹುಡುಕಬೇಕು; ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ ಇಮ್ಮಡಿಯಾದರೆ ಬಾಗುವಿಕೆಗೆ ಎದುರಾದ ಬಿಗಿತ ಸುಮಾರು ಎಂಟು ಪಟ್ಟಾಗುತ್ತದೆ.

ಜೋಡಣೆಯ ಕೆಲಸವು ಸರಳವಾದರೂ ಎಚ್ಚರವನ್ನು ಬೇಡುತ್ತದೆ. ಕಾರು ಸಮತಟ್ಟಾದ ನೆಲದ ಮೇಲೆ ತನ್ನ ನಾಲ್ಕು ಚಕ್ರಗಳ ಮೇಲೆಯೇ ನಿಂತಿರಬೇಕು. ಜಾಕ್ ಏರಿಸಿದಾಗ ಚಕ್ರಗಳ ಭಾರ ತಪ್ಪಿ ಟವರ್‌ಗಳ ಸ್ಥಾನ ಬದಲಾಗುವುದಲ್ಲದೆ, ನಟ್ ಬಿಚ್ಚಿದ ಕಂಬವು ಕೆಳಗಿಳಿಯುವ ಅಪಾಯವೂ ಇದೆ. ಬಿಚ್ಚಬೇಕಾದುದು ಟವರಿನ ಅಂಚಿನಲ್ಲಿರುವ ನಟ್‌ಗಳನ್ನು ಮಾತ್ರ. ನಡುವಿನ ದೊಡ್ಡ ನಟ್ ಅದುಮಿದ ಸ್ಪ್ರಿಂಗನ್ನು ಹಿಡಿದಿಟ್ಟಿರುವುದರಿಂದ ಅದನ್ನು ಎಂದಿಗೂ ಮುಟ್ಟಬಾರದು. ಒಂದು ಬದಿಯ ಕೆಲಸ ಮುಗಿದ ಮೇಲೆ ಇನ್ನೊಂದು ಬದಿಯನ್ನು ಕೈಗೆತ್ತಿಕೊಂಡು, ತಟ್ಟೆ ಕೂರುವ ಜಾಗದ ಮಣ್ಣು, ತುಕ್ಕುಗಳನ್ನು ತೆಗೆದು, ನಟ್‌ಗಳನ್ನು ಮೊದಲು ಕೈಯಿಂದಲೇ ತಿರುಗಿಸಿ ಸರಳನ್ನು ಸಹಜವಾಗಿ ಕೂರಿಸಬೇಕು. ಬಳಿಕ ತಯಾರಕರು ಸೂಚಿಸಿದ ಮಟ್ಟಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ತಟ್ಟೆಯ ದಪ್ಪದಿಂದಾಗಿ ನಟ್ಟಿನ ಪೂರ್ತಿ ಉದ್ದಕ್ಕೆ ಬೋಲ್ಟಿನ ಥ್ರೆಡ್ ಸಿಗದಿದ್ದರೆ ಆ ಸರಳು ಆ ಕಾರಿಗೆ ಹೊಂದುವುದಿಲ್ಲವೆಂದೇ ತಿಳಿಯಬೇಕು. ಉದ್ದ ಹೊಂದಿಸುವ ತಿರುಪು ಇರುವ ಮಾದರಿಯಲ್ಲಿ ಸಡಿಲ ಹೋಗುವಷ್ಟು ತಿರುಗಿಸಿದರೆ ಸಾಕು. ಬಲವಂತವಾಗಿ ಟವರ್‌ಗಳನ್ನು ದೂರ ತಳ್ಳಿದರೆ ಚಕ್ರಗಳ ಓರೆಯೇ ಕೆಡುತ್ತದೆ.

ಬಾನೆಟ್ ಮುಚ್ಚುವ ಮುನ್ನ ಸರಳಿನ ಅತಿ ಎತ್ತರದ ಭಾಗದ ಮೇಲೆ ಕಲಸಿದ ಹಿಟ್ಟಿನ ಉಂಡೆಯನ್ನಿಟ್ಟು, ಬಾನೆಟ್ಟನ್ನು ಮೆಲ್ಲನೆ ಇಳಿಸಿ ಎತ್ತಿದರೆ ನಡುವೆ ಉಳಿದ ಅಂತರ ಉಂಡೆಯ ದಪ್ಪದಲ್ಲಿ ತಿಳಿಯುತ್ತದೆ. ರಬ್ಬರಿನ ಮೌಂಟ್‌ಗಳ ಮೇಲೆ ಕೂತ ಎಂಜಿನ್ ವೇಗ ಹೆಚ್ಚಿಸಿದಾಗ ಓಲಾಡುವುದರಿಂದ ಅದಕ್ಕೂ ಸಾಕಷ್ಟು ಜಾಗ ಬಿಡಬೇಕು. ಜೋಡಣೆಯ ಬಳಿಕ ವೀಲ್ ಅಲೈನ್‌ಮೆಂಟ್ ಪರೀಕ್ಷಿಸುವುದು, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ನಟ್‌ಗಳ ಬಿಗಿಯನ್ನು ಮತ್ತೊಮ್ಮೆ ನೋಡುವುದು ಅಗತ್ಯ. ಒಂದು ಬದಿಗೆ ಅಪಘಾತವಾದಾಗ ಪೆಟ್ಟಿನ ಒಂದು ಪಾಲು ಸರಳಿನ ಮೂಲಕ ಇನ್ನೊಂದು ಟವರಿಗೂ ದಾಟಬಹುದು ಎಂಬುದನ್ನೂ ನೆನಪಿಡಬೇಕು.

ತಯಾರಕರೇ ಕಾರಿನ ಒಡಲನ್ನು ಸಾಕಷ್ಟು ಬಿಗಿಯಾಗಿ ಕಟ್ಟಿರುವಲ್ಲಿ, ನಿತ್ಯದ ಸಂಚಾರದಲ್ಲಿ, ಈ ಸರಳಿನ ಪರಿಣಾಮವು ಚಾಲಕನ ಅನುಭವಕ್ಕೆ ಬಾರದಿರಬಹುದು. ಸವೆದ ಟೈರು, ದಣಿದ ಶಾಕ್ ಅಬ್ಸಾರ್ಬರ್, ಹರಿದ ರಬ್ಬರ್ ಬುಷ್‌ಗಳಿಂದಾದ ದೋಷವನ್ನು ಯಾವ ಸರಳೂ ಸರಿಪಡಿಸದು. ಆದುದರಿಂದ ಕಾರಿನ ನಿಯಂತ್ರಣ ಸುಧಾರಿಸಬೇಕೆಂದು ಬಯಸುವವರು ಮೊದಲು ಆ ಮೂರನ್ನು ಸರಿಪಡಿಸಿಕೊಂಡು, ಅನಂತರವೇ ನೇರವಾದ, ಸಡಿಲವಿಲ್ಲದ ಸ್ಟ್ರಟ್ ಬಾರ್‌ಗೆ ಹಣ ತೊಡಗಿಸುವುದು ವಿವೇಕ.