ಕಡತದಲ್ಲಿ ಉಳಿಯುವ ದಿನಗಳು

ಅರಿವೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆದಿಡುತ್ತಿದ್ದ ಕಡತವೆಂಬ ವಸ್ತುವು ಒಂದು ಕಾಲಕ್ಕೆ ನಮ್ಮ ನಾಡಿನ ವರ್ತಕರಲ್ಲಿಯೂ ಮಠಗಳಲ್ಲಿಯೂ ಬಳಕೆಯಲ್ಲಿದ್ದಿತು. ಬಾಕಿ ಸಂದಾಯವಾದ ಮೇಲೆ ಒದ್ದೆಯ ಬಟ್ಟೆಯಿಂದ ಒರಸಿದರೆ ಹಳೆಯ ಬರೆಹವು ಅಳಿದು, ಅದೇ ಸ್ಥಳದಲ್ಲಿ ಹೊಸ ಲೆಕ್ಕವನ್ನು ಬರೆಯಬಹುದಾಗಿದ್ದುದು ಅದರ ವಿಶೇಷ ಗುಣ. ಮಳೆ ತಡವಾದ ವರ್ಷ ರೈತನು ಎರಡು ತಿಂಗಳು ತಡಮಾಡಿ ಹಣ ಕೊಟ್ಟರೆ, ಆ ಎರಡು ತಿಂಗಳುಗಳು ವರ್ತಕನ ನೆನಪಿನಲ್ಲಿ ಉಳಿಯುತ್ತಿದ್ದುವೇ ಹೊರತು ಕಡತದಲ್ಲಿ ಉಳಿಯುತ್ತಿರಲಿಲ್ಲ. ನೆನಪಿನಲ್ಲಿ ಉಳಿದುದಕ್ಕೂ ಮಳೆ ತಡವಾದ ಕಾರಣವು ಜೊತೆಗೂಡಿರುತ್ತಿತ್ತು.

ಈಗಿನ ಸಾಲಗಾರನ ಕಡತವು ಬೇರೆ ಬಗೆಯದು. 2000ದಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಗಿ, ಇಂದು ಜನರ ಬಾಯಲ್ಲಿ ಬರಿಯ ‘ಸಿಬಿಲ್’ ಆಗಿರುವ ಸಂಸ್ಥೆಯೂ, ಅದರ ಜೊತೆಗೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ಇನ್ನು ಮೂರು ಸಂಸ್ಥೆಗಳೂ, ಪಾರ್ಲಿಮೆಂಟು 2005ರಲ್ಲಿ ಮಾಡಿದ ಕಾನೂನಿಗೆ ಒಳಪಟ್ಟು, ನಾವು ಯಾವ ಬ್ಯಾಂಕಿನಲ್ಲಿ ಎಷ್ಟು ಸಾಲ ತಂದೆವು, ಯಾವ ಕಂತನ್ನು ಯಾವಾಗ ಕಟ್ಟಿದೆವು ಎಂಬುದನ್ನೆಲ್ಲ ಶೇಖರಿಸಿ, 300ರಿಂದ 900ರವರೆಗಿನ ಒಂದು ಅಂಕವಾಗಿ ಸಂಗ್ರಹಿಸಿ ಹೇಳುತ್ತವೆ. ಆ ಅಂಕಕ್ಕೆ ಆಧಾರವಾದ ವರದಿಯೊಳಗೆ ಪ್ರತಿಯೊಂದು ಖಾತೆಗೂ ಮೂವತ್ತಾರು ತಿಂಗಳಿಗೆ ಮೂವತ್ತಾರು ಚಿಕ್ಕ ಚಿಕ್ಕ ಮನೆಗಳಿವೆ. ಆ ತಿಂಗಳು ಬಾಕಿಯು ಎಷ್ಟು ದಿನ ಸುಸ್ತಿಯಾಗಿತ್ತು ಎಂಬುದನ್ನು ಆಯಾ ಮನೆಯಲ್ಲಿ ಬರೆಯುತ್ತಾರೆ. ಸುಸ್ತಿಯಿಲ್ಲದಿದ್ದರೆ ಮೂರು ಸೊನ್ನೆ. ಆ ಮನೆಗಳಲ್ಲಿ ಕಾಣುವುದು ದಿನಗಳ ಎಣಿಕೆಯೊಂದೇ. ಮೊತ್ತ ಸಣ್ಣದೋ ದೊಡ್ಡದೋ ಎಂಬುದು ಅಲ್ಲಿ ಬರುವುದಿಲ್ಲ.

ಇದರ ಅರ್ಥವು ನನಗೆ ತಿಳಿದುದು ನನ್ನ ಸೋದರಳಿಯನ ದೆಸೆಯಿಂದ. ಎರಡು ವರ್ಷಗಳ ಹಿಂದೆ ಅವನು ಶಿವಮೊಗ್ಗೆಯಿಂದ ಧಾರವಾಡಕ್ಕೆ ವರ್ಗವಾಗಿ ಬಂದಾಗ ಮನೆಯ ವಿಳಾಸವೂ ಮೊಬೈಲ್ ಸಂಖ್ಯೆಯೂ ಬದಲಾದುವು. ಅವನ ಹತ್ತಿರ ಅಷ್ಟಾಗಿ ಬಳಸದೆ ಬಿಟ್ಟಿದ್ದ ಒಂದು ಕ್ರೆಡಿಟ್ ಕಾರ್ಡು ಇದ್ದಿತು; ಅದರ ವಾರ್ಷಿಕ ಶುಲ್ಕ 500 ರೂಪಾಯಿ, ತೆರಿಗೆ ಸೇರಿ 590. ಆಗಸ್ಟ್ 5 ಅದನ್ನು ಕಟ್ಟಲು ಕೊನೆಯ ದಿನ. ಬಿಲ್ಲೂ ಎಚ್ಚರಿಕೆಯ ಸಂದೇಶಗಳೂ ಹಳೆಯ ಸಂಖ್ಯೆಗೆ ಹೋದುವು. ಇವನಿಗೆ ಒಂದೂ ಮುಟ್ಟಲಿಲ್ಲ. ಮನೆ ಕಟ್ಟಲೆಂದು ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನ ಅಧಿಕಾರಿ ವರದಿಯನ್ನು ಅವನ ಕಡೆಗೆ ತಿರುಗಿಸಿ ಮೂರು ಮನೆಗಳನ್ನು ತೋರಿಸಿದರು: 26, 56, 87. ಹನ್ನೊಂದು ವರ್ಷ ಒಂದು ಕಂತನ್ನೂ ತಪ್ಪಿಸದ ಮನುಷ್ಯನ ಹೆಸರಿನ ಮುಂದೆ ಆ ಮೂರು ಅಂಕಿಗಳನ್ನು ಕಂಡು ನನಗೂ ಮನಸ್ಸು ಮುದುಡಿತು.

ಅವನಿಗೆ ಬಂದ ಗತಿ ಇನ್ನೊಬ್ಬರಿಗೆ ಬಾರದಿರಲೆಂದು ಈ ಸುಸ್ತಿಯ ಮೆಟ್ಟಿಲುಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕೊನೆಯ ದಿನವು ದಾಟಿದ ಕೂಡಲೆ ಆಕಾಶ ಕಳಚಿ ಬೀಳುವುದಿಲ್ಲ. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನಗಳ ಪ್ರಕಾರ, ಬಾಕಿಯು ಮೂರು ದಿನಗಳಿಗಿಂತ ಹೆಚ್ಚು ಕಾಲ ಉಳಿದಾಗ ಮಾತ್ರ ಕಾರ್ಡು ಕೊಟ್ಟವರು ಅದನ್ನು ಸುಸ್ತಿಯೆಂದು ವರದಿ ಮಾಡಬಹುದು, ತಡವಾದುದಕ್ಕೆ ದಂಡವನ್ನು ಹಾಕಬಹುದು. ಹೀಗೆ ವರದಿ ಮಾಡುವ ಮೊದಲು ಕಾರ್ಡುದಾರನಿಗೆ ತಿಳಿಸಲೂ ಬೇಕು. ಆದುದರಿಂದ ಮರೆತದ್ದು ಮಾರನೆಯ ದಿನವೋ ಮೂರನೆಯ ದಿನವೋ ನೆನಪಾದರೆ, ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಆ ಕ್ಷಣವೇ ಕಟ್ಟಿಬಿಡುವುದು ಲೇಸು. ಮೂರು ದಿನ ಮೀರಿತೆಂದರೆ ಲೆಕ್ಕವು ನಾಲ್ಕನೆಯ ದಿನದಿಂದ ಆರಂಭವಾಗುವುದಿಲ್ಲ. ಬಿಲ್ಲಿನಲ್ಲಿ ಕಾಣಿಸಿದ ಕೊನೆಯ ದಿನದಿಂದಲೇ ಎಣಿಸುತ್ತಾರೆ. 2025ರ ಜನವರಿಯಿಂದ ಬ್ಯಾಂಕುಗಳು ತಿಂಗಳಿಗೊಮ್ಮೆ ಕಳುಹಿಸುತ್ತಿದ್ದ ವಿವರವನ್ನು ಹದಿನೈದು ದಿನಕ್ಕೊಮ್ಮೆಯಾದರೂ ಕಳುಹಿಸಬೇಕೆಂದು ನಿಯಮವಾದುದರಿಂದ, ತಪ್ಪು ಕಡತಕ್ಕೆ ಏರುವ ವೇಗವೂ ಹೆಚ್ಚಿದೆ. ಕಟ್ಟಲೇಬೇಕಾದ ಕನಿಷ್ಠ ಮೊತ್ತವು ತೊಂಬತ್ತು ದಿನವಾದರೂ ಪೂರ್ತಿ ಸಲ್ಲದಿದ್ದರೆ ಆ ಖಾತೆಯು ಅನುತ್ಪಾದಕ ಸಾಲಗಳ ಸಾಲಿಗೆ ಸೇರುತ್ತದೆ. ನನ್ನ ಸೋದರಳಿಯನು ಆ ಅಂಚಿನವರೆಗೆ ಹೋಗಿ ನಿಂತಿದ್ದನು, 590 ರೂಪಾಯಿಗಾಗಿ.

ಕನಿಷ್ಠ ಮೊತ್ತವೆಂದೆನಲ್ಲ, ಆ ಎರಡು ಪದಗಳಿಂದ ಮೋಸಹೋದವರ ಸಂಖ್ಯೆ ಮರೆತು ಕೆಟ್ಟವರ ಸಂಖ್ಯೆಗಿಂತ ಕಡಮೆಯಿರಲಾರದೆಂದು ನನ್ನ ನಂಬಿಕೆ. ಅದನ್ನು ಸಕಾಲದಲ್ಲಿ ಕಟ್ಟಿದವನ ಮನೆಯಲ್ಲಿ ಮೂರು ಸೊನ್ನೆಗಳೇ ಬೀಳುತ್ತವೆ, ಅವನು ಸುಸ್ತಿದಾರನಲ್ಲ. ಹಾಗೆಂದು ಅವನು ಕ್ಷೇಮವಾಗಿದ್ದಾನೆಂದೂ ಹೇಳುವಂತಿಲ್ಲ. 20,000 ರೂಪಾಯಿಯ ಬಿಲ್ಲಿಗೆ 1,000 ಕಟ್ಟಿ ಸುಮ್ಮನಾದನೆನ್ನಿ. ತಿಂಗಳಿಗೆ ಶೇಕಡಾ ಮೂರೂವರೆಯಂತೆ, ಅಂದರೆ ವರ್ಷಕ್ಕೆ ಶೇಕಡಾ 42ರಂತೆ, ಉಳಿದ 19,000ಕ್ಕೆ ತಿಂಗಳೊಂದಕ್ಕೆ 665 ರೂಪಾಯಿ ಬಡ್ಡಿಯೂ ಅದರ ಮೇಲೆ ತೆರಿಗೆಯೂ ಏರುತ್ತವೆ. ಆ ಬಡ್ಡಿಯನ್ನು ಕೊನೆಯ ದಿನದಿಂದ ಎಣಿಸುವುದಿಲ್ಲ, ಸಾಮಾನು ಕೊಂಡ ದಿನದಿಂದ ಎಣಿಸುತ್ತಾರೆ. ಹಳೆಯ ಬಾಕಿ ತೀರುವ ತನಕ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ದಿನಗಳ ಸೌಕರ್ಯ ಇಲ್ಲವಾಗುತ್ತದೆ. ಗ್ರಾಹಕ ಆಯೋಗವು 2008ರಲ್ಲಿ ಇಂತಹ ಬಡ್ಡಿಗೆ ಶೇಕಡಾ 30ರ ಮಿತಿಯನ್ನು ಹಾಕಿತ್ತು. ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಬಡ್ಡಿ ಬೆಳೆದು ಬಾಕಿಯು ಕಾರ್ಡಿನ ಮಿತಿಯ ಹತ್ತಿರಕ್ಕೆ ಬಂದಾಗ, ಒಂದು ದಿನವೂ ಸುಸ್ತಿಯಾಗದಿದ್ದರೂ ಅಂಕವು ಇಳಿಯುತ್ತದೆ. ಕೊನೆಗೆ ಒಂದು ತಿಂಗಳು ಆ ಕನಿಷ್ಠವನ್ನೂ ಕಟ್ಟಲಾರದ ಸ್ಥಿತಿ ಬರುವುದು ಈ ದಾರಿಯಲ್ಲಿ ನಡೆದವರಿಗೇ.

ಒಂದು ತಪ್ಪಿಗೆ ಎಷ್ಟು ಅಂಕ ಇಳಿಯುವುದೆಂದು ಕೇಳುವವರಿದ್ದಾರೆ. ಎಲ್ಲರಿಗೂ ಒಂದೇ ಆಗಿ ಅನ್ವಯಿಸುವ ಉತ್ತರ ಅದಕ್ಕಿಲ್ಲ. ಹಿಂದಿನ ನಡತೆ, ಖಾತೆಗಳ ವಯಸ್ಸು, ಸುಸ್ತಿಯ ದಿನಗಳು ಇವೆಲ್ಲ ಸೇರಿ ಅದು ನಿರ್ಣಯವಾಗುತ್ತದೆ, ಇತ್ತೀಚಿನ ತಪ್ಪಿಗೆ ಹಳೆಯದಕ್ಕಿಂತ ತೂಕ ಹೆಚ್ಚು. ಆದರೆ ಆ ಇಳಿತದ ಬೆಲೆಯನ್ನು ರೂಪಾಯಿಯಲ್ಲಿ ತೋರಿಸಬಹುದು. ಅಂಕ ಕಡಮೆಯಾದವರಿಗೆ ಅನೇಕ ಬ್ಯಾಂಕುಗಳು ಮನೆಸಾಲದ ಬಡ್ಡಿಯನ್ನು ಹೆಚ್ಚಿಸುತ್ತವೆ. ಇಪ್ಪತ್ತು ವರ್ಷದ 30 ಲಕ್ಷ ರೂಪಾಯಿಯ ಸಾಲಕ್ಕೆ ಶೇಕಡಾ ಎಂಟೂವರೆಯ ಬದಲು ಒಂಬತ್ತಾದರೆ ತಿಂಗಳ ಕಂತು ಸುಮಾರು 957 ರೂಪಾಯಿ ಏರುತ್ತದೆ. 240 ಕಂತುಗಳಲ್ಲಿ ಅದು 2,29,000 ರೂಪಾಯಿಯನ್ನು ದಾಟುತ್ತದೆ.

ಕಟ್ಟಲು ನಿಜವಾಗಿಯೂ ಹಣವಿಲ್ಲದವರ ಸಂಕಟ ಬೇರೆ. ಅವರಿಗೆ ವಸೂಲಿಯವರು ಸೆಟ್ಲ್‌ಮೆಂಟಿನ ಆಸೆ ತೋರಿಸುವುದುಂಟು: ಲಕ್ಷದ ಬಾಕಿಗೆ ನಲವತ್ತು ಸಾವಿರ ಕೊಟ್ಟರೆ ಸಾಕು ಎಂದು. ಆಗ ವರದಿಯಲ್ಲಿ ಖಾತೆಯು ಮುಗಿಯಿತೆಂದು ಬರೆಯದೆ ‘ಸೆಟಲ್ಡ್’ ಎಂದು ಬರೆಯುತ್ತಾರೆ. ಪೂರ್ತಿ ಬಾರದೆ ಬಿಟ್ಟುಕೊಟ್ಟ ಸಾಲವೆಂದು ಮುಂದಿನ ಬ್ಯಾಂಕು ಅದನ್ನು ಓದಿಕೊಳ್ಳುತ್ತದೆ. ಕಂತುಗಳಾಗಿ ಮಾರ್ಪಡಿಸಿ ಪೂರ್ತಿ ತೀರಿಸುವ ದಾರಿಯುಂಟೇ ಎಂದು ಮೊದಲು ಕೇಳಬೇಕು.

ಬ್ಯಾಂಕಿನದೇ ತಪ್ಪಾಗಿದ್ದರೆ ಪ್ರತಿಭಟಿಸುವ ಹಕ್ಕಿದೆ. ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕು. ತಪ್ಪನ್ನು ತೋರಿಸಿ ದೂರು ಕೊಟ್ಟ ಮೂವತ್ತು ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ, 2024ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮದಂತೆ, ಆಮೇಲಿನ ದಿನವೊಂದಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಬಳಸದ ಕಾರ್ಡನ್ನು ಬಾಕಿ ತೀರಿಸಿ ಮುಚ್ಚಿರೆಂದು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಲೇಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯನ್ನು ಅವರು ತೆರಬೇಕು. ಬೀರುವಿನಲ್ಲಿ ಮಲಗಿರುವ ಕಾರ್ಡುಗಳನ್ನು ಹೊರತೆಗೆದು, ಬ್ಯಾಂಕಿನ ಬಳಿ ನಮ್ಮ ಈಗಿನ ಮೊಬೈಲ್ ಸಂಖ್ಯೆಯೇ ಇದೆಯೇ ಎಂದು ನೋಡಿಕೊಳ್ಳುವುದಕ್ಕೆ ಒಂದು ಭಾನುವಾರದ ಬೆಳಗು ಸಾಕು.

ಸೋದರಳಿಯನು ಅಂದೇ ದಂಡಸಹಿತ ಹಣ ಕಟ್ಟಿದನು, ಕಾರ್ಡನ್ನು ಮುಚ್ಚಿಸಿದನು, ಅರ್ಧ ಶೇಕಡಾ ಹೆಚ್ಚಿನ ಬಡ್ಡಿಗೆ ಮನೆಸಾಲವನ್ನು ತಂದನು. ಮೊನ್ನೆ ಗೃಹಪ್ರವೇಶಕ್ಕೆ ಹೋಗಿದ್ದಾಗ, ಊಟವಾದ ಮೇಲೆ, ಈ ವರ್ಷದ ಪುಕ್ಕಟೆ ವರದಿಯನ್ನು ತೆರೆದು ನನಗೆ ತೋರಿಸಿದನು. ಮನೆಸಾಲದ ಖಾತೆಯಲ್ಲಿ ತಿಂಗಳಿಗೊಂದರಂತೆ ಸೊನ್ನೆಗಳ ಮನೆಗಳು ಸಾಲಾಗಿ ಕೂಡಿಕೊಂಡು ಬಂದಿದ್ದುವು. ಎರಡು ಪುಟ ಕೆಳಗೆ, ಮುಚ್ಚಿದ ಕಾರ್ಡಿನ ಹೆಸರಿನಡಿಯಲ್ಲಿ, 26, 56, 87 ಹಾಗೆಯೇ ಇದ್ದುವು.